ಮಗಳ ಬಾಯಲ್ಲಿ ತಾಯಿಯ ಮಾತು

ಚೆನ್ನೈಗೆ ಬಂದು ವಾರ ಕಳೆದರೂ ಬಿಂದುವಿನ ದಣಿವು ಇಳಿದಿರಲಿಲ್ಲ. ಕ್ರೋಂಪೇಟೆಯ ತವರುಮನೆಗೆ ಇರುವುದು ಒಂದೇ ಮಹಡಿ. ಆ ಮೆಟ್ಟಿಲು ಹತ್ತಿ ಬಂದರೂ ಗೋಡೆ ಹಿಡಿದು ಒಂದು ಗಳಿಗೆ ನಿಂತೇ ಆಕೆ ಒಳಗೆ ಬರುತ್ತಿದ್ದಳು. ನೋಡಿದವರೆಲ್ಲ ಅದಕ್ಕೊಂದು ಕಾರಣ ಹೇಳಿದರು. ವಿಮಾನದ ಆಯಾಸ ಅಂದ ಅಣ್ಣ ರುದ್ರಮುನಿ. ನಮ್ಮ ಬಿಸಿಲು ಮರೆತುಹೋಗಿದೆ ಅಂದಳು ಅತ್ತಿಗೆ. ತಣ್ಣನೆ ದೇಶದಲ್ಲಿ ಬ್ರೆಡ್ಡು ತಿಂದು ಮೈಯ ಕಸುವೇ ಹೋಗಿದೆ ಅಂದರು ಪಕ್ಕದ ಮನೆಯವರು. ತಾಯಿ ಸುವರ್ಣಮ್ಮ ಮಾತ್ರ ಏನೂ ಅನ್ನಲಿಲ್ಲ. ಆಕೆ ಮೊದಲಿಂದಲೂ ಮಾತು ಕಮ್ಮಿಯ ಹೆಂಗಸು. ಎದುರಿನವರು ಮಾತು ಮುಗಿಸಿದ ಮೇಲೂ ಇನ್ನಷ್ಟು ಹೊತ್ತು ಅವರ ಮುಖ ನೋಡುತ್ತ ಕೂತಿರುತ್ತಾಳೆ.

ಬಿಂದುವಿನ ಅಪ್ಪ ಬ್ಯಾಡಗಿಯ ಕಡೆಯವರು. ಮೆಣಸಿನಕಾಯಿ ವ್ಯಾಪಾರಕ್ಕೆಂದು ಚೆನ್ನೈಗೆ ಬಂದು, ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿ ಮಂಡಿ ಹಾಕಿ, ಇಲ್ಲಿಯೇ ನಿಂತುಬಿಟ್ಟರು. ಈಗ ಅವರಿಲ್ಲ, ಮಂಡಿಯನ್ನು ರುದ್ರಮುನಿ ನೋಡಿಕೊಳ್ಳುತ್ತಾನೆ. ಅವನು ಸಂಜೆ ಮನೆಗೆ ಬಂದರೆ ಅವನಿಗಿಂತ ಮುಂಚೆ ಮೆಣಸಿನಕಾಯಿಯ ಘಾಟು ಬಾಗಿಲು ದಾಟುತ್ತದೆ. ಬಿಂದು ಇಲ್ಲಿಯೇ ಓದಿ, ಇಲ್ಲಿಯ ಶಾಲೆಯೊಂದರಲ್ಲಿ ಗಣಿತದ ಟೀಚರಾಗಿದ್ದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಾಠಕ್ಕೆ ಇಂಗ್ಲಿಷು. ಯಾವ ಮಾತಿಗೂ ಆಕೆ ತಡವರಿಸಿದವಳಲ್ಲ. ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡು, ಸಂಜೆ ಬಿಸಿನೀರು ಕುಡಿಯುತ್ತಿದ್ದವಳು. ಗಂಡ ಸಿದ್ಧಲಿಂಗೇಶನಿಗೆ ಟೈರ್ ಕಾರ್ಖಾನೆಯಲ್ಲಿ ಕೆಲಸ. ಕಂಪನಿಯವರು ಅವನನ್ನು ಫ್ರಾನ್ಸಿಗೆ ಕಳಿಸಿದಾಗ ಆಕೆ ಮಗಳು ಶ್ರೀಯಾಳನ್ನು ಎತ್ತಿಕೊಂಡು ಜೊತೆಗೆ ಹೋದಳು. ಲಿಯೋನ್ ಎಂಬ ಊರು, ಊರಿನ ಅಂಚಿನಲ್ಲಿ ಎತ್ತರದ ಕಟ್ಟಡ, ಅದರಲ್ಲೊಂದು ಮನೆ. ಅಲ್ಲಿ ಆಕೆಯ ಬಾಯಿ ಮುಚ್ಚಿತು.

ಅಲ್ಲಿಯ ದಿನಗಳು ಒಂದೇ ಥರ. ಬೆಳಗಿನ ಚಳಿಯಲ್ಲಿ ಮಗಳನ್ನು ಶಾಲೆಗೆ ಬಿಟ್ಟು, ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಲ್ಲುವಳು. ಸಾಲು ಮುಂದೆ ಹೋದಷ್ಟೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಳು. ತನ್ನ ಸರದಿ ಬಂದಾಗ ಅಂಗಡಿಯಾಕೆ ಬೇರೆ ಏನೋ ಕೇಳುವಳು, ಜೋಡಿಸಿದ್ದೆಲ್ಲ ಉದುರುವುದು. ಬೆರಳು ತೋರಿಸಿ ಬ್ರೆಡ್ಡು ಕೊಂಡು ಬರುವಳು. ಬಸ್ಸಿನಲ್ಲಿ ಯಾರಾದರೂ ನಕ್ಕರೆ ತಾನೂ ನಗುವಳು, ಮಾತಾಡಿಸಿಬಿಟ್ಟಾರು ಎಂದು ಕಿಟಕಿಯ ಕಡೆ ತಿರುಗುವಳು. ಶಾಲೆಯಿಂದ ಚೀಟಿ ಬಂದರೆ ಓದುವವಳು ಶ್ರೀಯಾ. ನಲ್ಲಿ ಸೋರಿದರೆ ರಿಪೇರಿಯವನಿಗೆ ಹೇಳುವವಳು ಶ್ರೀಯಾ. ಮಗುವಿನ ಬಾಯಲ್ಲಿ ಆ ಭಾಷೆ ನೀರಿನ ಹಾಗೆ ಹರಿಯುತ್ತಿತ್ತು. ಮೊದಮೊದಲು ಗಂಡ ಹೆಂಡತಿ ಇಬ್ಬರೂ ಅದನ್ನು ಕಂಡು ಹಿಗ್ಗಿದರು.

ಆಮೇಲೆ ಬಿಂದುವಿಗೆ ಮುಟ್ಟಿನ ಸ್ರಾವ ನಿಲ್ಲದಾಯಿತು. ಸಿದ್ಧಲಿಂಗೇಶನಿಗೆ ಆ ವಾರ ಹಗಲು ಪಾಳಿ. ಡಾಕ್ಟರಿಗೆ ಇಂಗ್ಲಿಷ್ ಬಾರದು. ಬಿಂದು ಶ್ರೀಯಾಳನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂಡಿಸಿಕೊಂಡಳು. ಎಷ್ಟು ದಿನ ಆಗುತ್ತದೆ, ಎಷ್ಟು ಹೋಗುತ್ತದೆ, ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ, ಎಲ್ಲವನ್ನೂ ಆ ಕೂಸು ಕೇಳಿ ಹೇಳಬೇಕಾಯಿತು. ಶಾಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಒಮ್ಮೆ ತಾಯಿಯ ಕಡೆ ಒಮ್ಮೆ ಡಾಕ್ಟರ ಕಡೆ ತಿರುಗಿ ಹೇಳಿತು. ಕೊನೆಗೆ, "ಗುಳಿಗೆ ತಗೋಬೇಕಂತೆ ಅಮ್ಮ, ಸರಿ ಹೋಗ್ತದಂತೆ," ಅಂತು.

ಇನ್ನೊಮ್ಮೆ ನನ್ನ ಮೈಯ ಮಾತು ಈ ಮಗುವಿನ ಬಾಯಲ್ಲಿ ಬರಕೂಡದು. ಬಿಂದುವಿನ ಮನಸ್ಸಿನಲ್ಲಿ ಆವತ್ತು ನೆಟ್ಟದ್ದು ಇಷ್ಟೇ. ಸರಕಾರದವರು ನಡೆಸುವ ಫ್ರೆಂಚ್ ಪಾಠಕ್ಕೆ ಹೋಗತೊಡಗಿದಳು. ಅಲ್ಲಿ ಸಿರಿಯಾದವರು, ಉಕ್ರೇನಿನವರು, ಆಫ್ಘನ್ ಹೆಂಗಸರು, ಎಲ್ಲರೂ ಆಕೆಯ ಹಾಗೆಯೇ ಬೆರಳು ತೋರಿಸಿ ಬ್ರೆಡ್ಡು ಕೊಳ್ಳುವವರೇ. ಎಪ್ಪತ್ತಕ್ಕೆ ಅರವತ್ತು-ಹತ್ತು, ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತು ಎಂದು ಎಣಿಸುವ ಜನ ಎಂದು ತಿಳಿದಾಗ ಗಣಿತದ ಟೀಚರಿಗೆ ನಗು ಬಂತು. ಓದುವುದು ಬಂತು, ಬರೆಯುವುದು ಬಂತು. ಬಾಯಿ ಮಾತ್ರ ಏಳಲಿಲ್ಲ. ಅಲ್ಲಿಯ ಶಿಶುವಿಹಾರದ ಕೆಲಸಕ್ಕೆ ತರಬೇತಿ ಸೇರಬೇಕೆಂದರೆ ಭಾಷೆಯ ಪರೀಕ್ಷೆ ಪಾಸಾಗಿರಬೇಕು. ಒಮ್ಮೆ ಕೂತು, ಮಾತಾಡುವ ಭಾಗದಲ್ಲಿ ಬಿದ್ದಳು. ಅದೇ ಪರೀಕ್ಷೆ ಚೆನ್ನೈಯಲ್ಲೂ ನಡೆಯುತ್ತದೆ, ತನ್ನ ಊರಿನಲ್ಲಾದರೆ ಹೆದರಿಕೆ ಇರದು ಎಂದು ರಜೆಯ ದಿನಗಳಿಗೇ ಸರಿಯಾಗಿ ಹಣ ಕಟ್ಟಿ ಬಂದಿದ್ದಳು.

ತವರಿನಲ್ಲಿ ಓದಲು ಪುರಸೊತ್ತು ಸಿಗುತ್ತದೆ ಎಂದು ನಂಬಿದ್ದೇ ತಪ್ಪು. ದೂರದೇಶದಿಂದ ಬಂದ ಮಗಳು ಅಂದರೆ ಊರಲ್ಲಿರುವ ನಮ್ಮ ಜನವೆಲ್ಲ ಒಬ್ಬೊಬ್ಬರಾಗಿ ಕರೆದು, ಊಟಕ್ಕೆ ಹಾಕಿ, ಉಡಿ ತುಂಬಿ ಕಳಿಸಬೇಕು. ಒಂದು ಮನೆಗೆ ಹೋಗಿ ಇನ್ನೊಂದು ಮನೆಗೆ ಹೋಗದಿದ್ದರೆ ಅದು ವರ್ಷಗಟ್ಟಲೆ ಆಡಿಕೊಳ್ಳುವ ಮಾತಾಗುತ್ತದೆ. ಬೆಸೆಂಟ್ ನಗರದ ಜಲಜಾಕ್ಷಿ ಕಾಕು, ದೂರದ ಸಂಬಂಧದ ಚಿಕ್ಕಮ್ಮ, ಕರೆದದ್ದು ಶುಕ್ರವಾರಕ್ಕೆ. ಅದೇ ದಿನ ಮಧ್ಯಾಹ್ನ ಪರೀಕ್ಷೆ.

"ಬೇರೆ ದಿನ ಇಟ್ಕೋ ಅಂದ್ರ ಕೇಳಾಂಗಿಲ್ಲ ಆಕಿ," ಅಂದಳು ಸುವರ್ಣಮ್ಮ. "ಮುಂಜಾನೆ ಹೋಗಿ ಬಂದ್ಬಿಡೋಣು. ನಾನೂ ಬರ್ತೇನಿ."

"ಕಾಕು ಮನೆಗೆ ಹೋಗಿ ಸೀಕ್ಕಿರಂ ಬಂದವರನ್ನ ನಾ ಇನ್ನೂ ನೋಡಿಲ್ಲ ಪಾ," ಎಂದು ರುದ್ರಮುನಿ ನಕ್ಕ. ಬೇಗ ಎನ್ನುವುದಕ್ಕೆ ಅವನ ಬಾಯಲ್ಲಿ ಯಾವಾಗಲೂ ತಮಿಳೇ ಬರುತ್ತದೆ.

ಶ್ರೀಯಾಳನ್ನು ಅತ್ತಿಗೆಯ ಹತ್ತಿರ ಬಿಟ್ಟು ತಾಯಿ ಮಗಳು ಹೊರಟರು. ರಸ್ತೆಯಲ್ಲಿ ಮೆಟ್ರೋ ಕೆಲಸದ ಅಗೆತ, ಆಟೋ ನಿಂತು ನಿಂತು ಹೋಯಿತು. ಕಾಕು ಮನೆ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಜಲಜಾಕ್ಷಿ ಬಾಗಿಲಲ್ಲೇ ಹಣೆಗೆ ಕೈ ಹಚ್ಚಿದಳು.

"ಅಯ್ಯ, ರಾಹುಕಾಲ ಹತ್ತಿತಲ್ಲೇ! ಹನ್ನೆರಡು ಹೊಡಿಯೋತನಕ ಉಡಿ ತುಂಬಾಂಗಿಲ್ಲ. ಕುಂದರ್ರಿ."

"ರಾಹುಕಾಲ ನಮಗ ಯಾವಾಗ ಬಂತು ಜಲಜಾ?" ಅಂದಳು ಸುವರ್ಣಮ್ಮ. "ನಿಮ್ಮತ್ತಿ ಇದ್ದಾಗ ಇದನ್ನ ಕೇಳಿದ್ದೇನ? ಲಿಂಗ ಕಟ್ಟಿದವ್ರಿಗೆ ಎಲ್ಲಾ ಹೊತ್ತೂ ಒಂದ."

"ಈ ಊರ ನೀರು ಕುಡಿಯಾಕ ಹತ್ತಿ ಎಷ್ಟು ವರ್ಷಾತಕ್ಕಾ! ಸುತ್ತಲಿನವ್ರೆಲ್ಲಾ ನೋಡ್ತಾರ. ನಾವೊಬ್ಬರ ಬಿಟ್ರ ನಮಗ ತಟ್ಟತೈತಿ."

ಒಳಗೆ ಉಯ್ಯಾಲೆಯ ಮೇಲೆ ಕೂತಿದ್ದ ಸೋಮಲಿಂಗಪ್ಪ ಕಾಕಾ ಪೇಪರಿನಿಂದ ತಲೆ ಎತ್ತಿದರು. "ಬಸವಣ್ಣನ ಬಂದು ಬಾಗ್ಲಾ ಬಡದ್ರೂ ನಿಮ್ಮ ಕಾಕು ಕ್ಯಾಲೆಂಡರ್ ನೋಡಿನ ತೆಗ್ಯಾಕಿ. ಬಾ ಮಗಳ, ವಿಭೂತಿ ಹಚ್ಗೋ, ಕುಂದ್ರು. ಏನರ ಫ್ರೆಂಚಿನ್ಯಾಗ ಮಾತಾಡು, ಕೇಳೋಣು."

ಬಿಂದುವಿಗೆ ಆ ಹೊತ್ತಿಗೆ ತೋಚಿದ್ದು ಒಂದೇ ವಾಕ್ಯ. ಹೇಳಿದಳು.

"ನೆಗಡಿ ಆದವ್ರಿಗೆ ಭಾಳ ಛಲೋ ಭಾಷಾ ಬಿಡು, ಎಲ್ಲಾ ಮೂಗಿನ್ಯಾಗ!" ಎಂದು ಕಾಕು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಕಾಕಾನೂ ನಕ್ಕರು. ನನಗೆ ತುಂಬ ಸುಸ್ತಾಗಿದೆ ಎನ್ನುವುದು ಆ ವಾಕ್ಯದ ಅರ್ಥ. ಅದೇನೆಂದು ಯಾರೂ ಕೇಳಲಿಲ್ಲ.

ಹನ್ನೆರಡಾಯಿತು. ಊಟಕ್ಕೆ ಹೋಳಿಗೆ, ಶೇಂಗಾ ಚಟ್ನಿ, ಜೊತೆಗೆ ತಮಿಳರ ಹುಳಿ ಸಾರು ವತ್ತಕುಳಂಬು. ಕೈ ತೊಳೆದು ಬಂದ ಮೇಲೆ ಕಾಕು ಮಣೆ ಹಾಕಿ, ಅಕ್ಕಿಯ ಹರಿವಾಣ ತಂದಿಟ್ಟು, ದನಿ ತಗ್ಗಿಸಿ ಕೇಳಿದಳು.

"ಒಳಗ ಅದಿಯಲ್ಲಾ? ಹೊರಗ ಕುಂತಿಲ್ಲ ಹೌದಿಲ್ಲೋ?"

ಇದೂ ಸುತ್ತಲಿನವರನ್ನು ನೋಡಿ ಕಲಿತದ್ದೇ. ಲಿಂಗವಂತರ ಮನೆಯಲ್ಲಿ ಮುಟ್ಟಿನ ಮೈಲಿಗೆಯ ಮಾತಿಲ್ಲ. ಆದರೆ ವಾದಕ್ಕೆ ನಿಂತರೆ ಇನ್ನೊಂದು ತಾಸು ಹೋಗುತ್ತದೆ. ಬಿಂದು ನೆಲ ನೋಡುತ್ತ, "ಇಲ್ಲ ಕಾಕು," ಅಂದಳು. ಸುವರ್ಣಮ್ಮ ಮಗಳ ಮುಖವನ್ನೇ ನೋಡುತ್ತ ಕೂತಿದ್ದಳು.

ಕಾಕು ಮಂತ್ರದ ಹಾಗೆ ತುಟಿ ಅಲುಗಿಸುತ್ತ ಬಿಂದುವಿನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಬೇರು, ಬೆಲ್ಲ, ಮೇಲೊಂದು ಕುಬಸದ ಖಣ ಹಾಕಿದಳು. ಸೆರಗು ಸುತ್ತಿ ಸೊಂಟಕ್ಕೆ ಸಿಗಿಸಿ, "ಸೀದಾ ಮನಿಗೆ ಹೋಗಿ ದೇವರ ಜಗಲಿ ಮುಂದ ಇಳಿಸು. ನಡುವ ಇನ್ನೊಂದು ಹೊಸ್ತಿಲ ತುಳಿಬ್ಯಾಡ," ಎಂದು ಬೀಳ್ಕೊಟ್ಟಳು.

ಆಟೋ ಹತ್ತಿದಾಗ ಒಂದೂಕಾಲು. ಪರೀಕ್ಷೆಯ ಜಾಗ ನುಂಗಂಬಾಕ್ಕಂನಲ್ಲಿ. ಕ್ರೋಂಪೇಟೆಗೆ ಹೋಗಿ ಉಡಿ ಇಳಿಸಿ ಅಲ್ಲಿಗೆ ಬರುವಷ್ಟು ಹೊತ್ತು ಇರಲಿಲ್ಲ. ತುಂಬಿದ ಉಡಿ ಹೊತ್ತುಕೊಂಡೇ ಬಿಂದು ಪರೀಕ್ಷೆಗೆ ಹೊರಟಳು. ಸಮುದ್ರದ ಗಾಳಿ ಒಂದಷ್ಟು ದೂರ ಬಂದು ಹಿಂದೆ ಉಳಿಯಿತು.

"ಎಷ್ಟು ದಿನಾತವಾ?" ಅಂದಳು ಸುವರ್ಣಮ್ಮ.

"ಏನು?"

"ಕಾಕು ಕೇಳಿದ್ದಕ್ಕ ಇಲ್ಲ ಅಂದೆಲ್ಲಾ, ಅದು."

ಬಿಂದು ರಸ್ತೆ ನೋಡಿದಳು. ಸುಳ್ಳು ಹೇಳಲು ಕೂಡ ಶಕ್ತಿ ಬೇಕು. "ಭಾಳ ದಿನಾತವ್ವಾ. ತಿಂಗಳಗಟ್ಲೆ ತಗೊಳ್ಳಾಕ ಗುಳಗಿ ಕೊಟ್ಟಿದ್ರು. ಅವು ಮುಗದಾವು. ಇದು ಮುಗಿವಲ್ದು."

"ಮತ್ತ ಡಾಕ್ಟರ ಏನಂದ್ರು?"

"ಗುಳಗಿ ತಗೊಂಡ್ರ ಸರಿ ಹೋಗ್ತದ ಅಂದ್ರಂತ."

"ಅಂದ್ರಂತ," ಎಂದು ಸುವರ್ಣಮ್ಮ ಆ ಮಾತನ್ನೇ ತಿರುಗಿ ಅಂದಳು. "ಯಾರು ಹೇಳಿದ್ದು ನಿನಗ?"

ಬಿಂದು ಮೊದಲ ಸಲ ಆ ದಿನದ ಸಂಗತಿಯನ್ನು ಇನ್ನೊಬ್ಬರ ಮುಂದೆ ಹೇಳಿದಳು. ಗಂಡನಿಗೂ ಪೂರ್ತಿ ಹೇಳಿರಲಿಲ್ಲ. ಸುವರ್ಣಮ್ಮ ಎಲ್ಲ ಕೇಳಿದಳು.

"ನನಗೂ ಹಿಂಗ ಆದಾಗ ನೀ ನಾಕನೇತ್ತೆ ಇದ್ದಿ," ಅಂದಳು ಆಮೇಲೆ. "ನಿಮ್ಮಪ್ಪ ಮಂಡಿ ಬಿಟ್ಟು ಬರಾಂಗಿರಲಿಲ್ಲ, ನನಗ ತಮಿಳು ತಿಳಿತಿರಲಿಲ್ಲ. ನಿನ್ನ ಕರ್ಕೊಂಡು ದವಾಖಾನಿಗೆ ಹ್ವಾದೆ. ಡಾಕ್ಟರಮ್ಮ ಭಾಳ ಹೊತ್ತು ಮಾತಾಡಿದ್ಲು. ಕೈಲೆ ಹಿಂಗ ಚೀಲದಾಂಗ ಮಾಡಿ ತೋರ್ಸಿದ್ಲು. ನೀ ಎಲ್ಲಾ ಕೇಳಿ, 'ಗುಳಗಿ ತಗೋಬೇಕಂತ ಯವ್ವಾ' ಅಂದಿ. ಇಷ್ಟ."

"ನನಗ ನೆನಪಿಲ್ಲ."

"ಹೆಂಗ ನೆನಪಿರ್ತೈತಿ? ಕೂಸು ನೀನು. ಅಷ್ಟ ಹೊತ್ತು ಮಾತಾಡಿದಾಕಿ ಇಷ್ಟ ಹೇಳಿರಾಕಿಲ್ಲ ಅಂತ ನನಗ ತಿಳೀತು. ಮರುದಿನ ನಾ ಒಬ್ಬಾಕಿನ ಹೋಗಿ, ಕೈಸನ್ನಿ ಬಾಯಿಸನ್ನಿ ಮಾಡಿ ಕೇಳ್ಕೊಂಡು ಬಂದೆ. ಗರ್ಭಚೀಲ ತಗೀಬೇಕು ಅಂದಿದ್ಲು ಆಕಿ."

"ನಾ ಸುಳ್ಳು ಹೇಳಿದ್ನೇನವ್ವಾ?"

"ಸಣ್ಣ ಮಕ್ಕಳು ಸುಳ್ಳು ಹೇಳಂಗಿಲ್ಲವಾ. ಬಾಯಾಗ ಹಿಡಿಲಾರದ್ದನ್ನ ನುಂಗಿಬಿಡ್ತಾವ."

ಬಿಂದುವಿಗೆ ಥಟ್ಟನೆ ಹೊಳೆಯಿತು. ಲಿಯೋನಿನ ಡಾಕ್ಟರೂ ಆವತ್ತು ಬಹಳ ಹೊತ್ತು ಮಾತಾಡಿದ್ದರು. ಶ್ರೀಯಾ ತಲೆ ಅಲ್ಲಾಡಿಸುತ್ತ ಕೇಳಿ, ತಿರುಗಿ ಹೇಳಿದ್ದು ಎರಡೇ ಮಾತು.

ಪರೀಕ್ಷೆಯ ಕಟ್ಟಡ ಬಂತು. ಬಿಂದು ಸೊಂಟದ ಉಡಿ ಹಿಡಿದು ಇಳಿಯದೆ ಕೂತಳು. ಸುವರ್ಣಮ್ಮ ತನ್ನ ಸೆರಗನ್ನು ಹರಡಿ ಹಿಡಿದಳು.

"ಇದರಾಗ ಹಾಕು."

"ನಿನಗ ಹಾಕಬಾರದಲ್ಲವ್ವಾ!" ಗಂಡ ಹೋದ ಮೇಲೆ ಸುವರ್ಣಮ್ಮನಿಗೆ ಯಾರೂ ಉಡಿ ತುಂಬಿರಲಿಲ್ಲ. ಆಕೆಯೂ ಅಂಥ ಕಡೆ ಮುಂದೆ ಬಂದು ಕೂತವಳಲ್ಲ.

"ಉಡಿ ಮನಿಗೆ ಹೋಗಬೇಕು, ನೀ ಪರೀಕ್ಷಾಕ್ಕ ಹೋಗಬೇಕು. ಹಾಕು. ಆಟೋದವ ಮುಂದ ನೋಡ್ಕೊಂತ ಕುಂತಾನ, ರಾಹುಕಾಲನೂ ಮುಗದೈತಿ."

ಅಕ್ಕಿ ಒಂದು ಸೆರಗಿನಿಂದ ಇನ್ನೊಂದಕ್ಕೆ ಸರ್ರನೆ ಇಳಿಯಿತು. ಖಣವನ್ನು ಮೇಲೆ ಮುಚ್ಚಿ, ಸೆರಗು ಬಿಗಿದುಕೊಂಡು, ಸುವರ್ಣಮ್ಮ ಡ್ರೈವರಿನ ಬೆನ್ನಿಗೆ ತಟ್ಟಿದಳು. "ಕ್ರೋಂಪೇಟ್ಟೈ ಪೋಪ್ಪಾ. ಸ್ಟೇಶನ್ ಪಕ್ಕಂ. ಎವ್ವಳವು?" ಅವನು ಹೇಳಿದ್ದಕ್ಕೆ, "ಅಯ್ಯೋ, ಜಾಸ್ತಿ, ಜಾಸ್ತಿ," ಎಂದು ತನ್ನ ಕನ್ನಡದ ತಮಿಳಿನಲ್ಲಿ ಚೌಕಾಸಿಗೆ ಕೂತಳು. ಆಟೋ ಹೋಯಿತು.

ಒಳಗೆ ತಣ್ಣನೆ ಕೋಣೆ. ಪರೀಕ್ಷೆ ಮಾಡುವಾಕೆ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವಳು. ಭಾನುವಾರ ಅಂಗಡಿಗಳನ್ನು ತೆರೆಯಬೇಕೋ ಬೇಡವೋ ಎನ್ನುವುದು ಬಿಂದುವಿಗೆ ಬಂದ ವಿಷಯ. ನನ್ನ ಅಣ್ಣನ ಅಂಗಡಿ ಇದೆ, ಮೆಣಸಿನಕಾಯಿಯ ಅಂಗಡಿ, ಅಲ್ಲಿ ಎಲ್ಲರೂ ಸೀನುತ್ತಾರೆ, ಭಾನುವಾರವಾದರೂ ಅವರ ಮೂಗಿಗೆ ರಜೆ ಬೇಕು ಎಂದಳು. ಆಕೆ ನಕ್ಕಳು. ಮುಂದಿನ ಪ್ರಶ್ನೆಗೆ ಬಿಂದು ಅರ್ಧ ವಾಕ್ಯ ಹೇಳಿ ನಿಂತುಬಿಟ್ಟಳು. ಆ ಮಗು ಏನನ್ನು ನುಂಗಿತು? ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮತ್ತೆ ಹಿಡಿದು, ಕ್ರಿಯಾಪದ ತಪ್ಪಾಗಿ ಹೇಳಿ, ಸರಿಪಡಿಸಿ, ಹೇಗೋ ಮುಗಿಸಿದಳು. ಫಲಿತಾಂಶಕ್ಕೆ ಇನ್ನೂ ಕೆಲವು ವಾರ ಕಾಯಬೇಕು ಎಂದರು. ಪಾಸೋ ಫೇಲೋ ಎಂದು ಯೋಚಿಸುವಷ್ಟು ತ್ರಾಣ ಆಕೆಯಲ್ಲಿ ಉಳಿದಿರಲಿಲ್ಲ. ನುಂಗಂಬಾಕ್ಕಂ ಸ್ಟೇಶನ್ನಿಗೆ ನಡೆದು ರೈಲು ಹತ್ತಿದಳು. ಹೂ ಮಾರುವಾಕೆಯೊಬ್ಬಳು ಆಕೆಯ ಮುಖ ನೋಡಿ, ಬುಟ್ಟಿ ಸರಿಸಿ ಜಾಗ ಕೊಟ್ಟಳು.

ಮನೆಯಲ್ಲಿ ಶ್ರೀಯಾ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಬಿಂದು ಮುಖ ತೊಳೆದು ಬಂದು ಪಕ್ಕದಲ್ಲಿ ಕೂತಳು.

"ಶ್ರೀಯಾ, ಆವತ್ತು ಡಾಕ್ಟರ್ ಇನ್ನೇನಂದಿದ್ರು?"

"ಹೇಳಿದ್ನಲ್ಲಾ. ಟ್ಯಾಬ್ಲೆಟ್."

"ಅದಾದ್ಮೇಲೆ?"

ಮಗು ಒಂದು ಎಲೆಗೆ ಹಸಿರು ಹಚ್ಚಿತು. ಅದೇ ಎಲೆಗೆ ಮತ್ತೆ ಹಸಿರು ಹಚ್ಚಿತು. ಕಾಗದ ಹರಿಯುವ ಹಾಗೆ ಹಚ್ಚಿತು. "ನಂಗೆ ಅದು ಕನ್ನಡದಲ್ಲಿ ಬರಲ್ಲಮ್ಮಾ."

"ಬರದಿದ್ರೆ ಬಿಡು. ಅವರು ಹೇಳಿದ ಹಾಗೇ ಹೇಳು."

ಶ್ರೀಯಾ ತಲೆ ಎತ್ತಲಿಲ್ಲ. ಫ್ರೆಂಚಿನಲ್ಲಿ, ಒಂದೇ ಉಸಿರಿನಲ್ಲಿ, ಬಾಯಿಪಾಠ ಒಪ್ಪಿಸುವವರ ಹಾಗೆ ಹೇಳಿತು. ಇಷ್ಟು ದಿನ ಅದನ್ನು ಅಕ್ಷರ ಬಿಡದೆ ಒಳಗಿಟ್ಟುಕೊಂಡಿತ್ತು. ಬಿಂದು ಕೇಳುತ್ತ ಹೋದಳು. ಗುಳಿಗೆ ಮುಗಿದ ಮೇಲೂ ನಿಲ್ಲದಿದ್ದರೆ ಕಾಯಬಾರದು. ಆ ದಿನವೇ ಫೋನ್ ಮಾಡಬೇಕು. ಸ್ಕ್ಯಾನ್ ಮಾಡಿಸಿ, ಒಳಗಿನಿಂದ ಒಂದು ಚೂರು ತೆಗೆದು ನೋಡಬೇಕು, ಕೆಟ್ಟದ್ದೇನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಒಂದೇ ಒಂದು ಶಬ್ದ ಬಿಟ್ಟರೆ ಎಲ್ಲವೂ ಬಿಂದುವಿಗೆ ಅರ್ಥವಾಯಿತು.

"ಒಳಗೆ ಕಟ್ ಮಾಡ್ತಾರೆ ಅಂದ್ರು," ಅಂತು ಮಗು, ಈಗ ಕನ್ನಡದಲ್ಲಿ. "ನಾನು ಹೇಳಿದ್ರೆ ನೀನು ಹೋಗ್ತಿದ್ದೆ. ಹೇಳದಿದ್ರೆ ಕಟ್ ಮಾಡಲ್ಲ ಅನ್ಕೊಂಡೆ." ಆಮೇಲೆ ಅಳತೊಡಗಿತು.

ಬಿಂದು ಅದನ್ನು ತೊಡೆಗೆ ಎಳೆದುಕೊಂಡಳು. ಬೈಯಲಿಲ್ಲ. ತಪ್ಪೇನೂ ಇಲ್ಲ ಎಂದು ಬೆನ್ನು ಸವರುತ್ತ ಕೂತಳು. ಅಡುಗೆಮನೆಯ ಬಾಗಿಲಲ್ಲಿ ಸುವರ್ಣಮ್ಮ ನಿಂತಿದ್ದಳು. ಆ ಭಾಷೆಯ ಒಂದು ಶಬ್ದವೂ ಆಕೆಗೆ ತಿಳಿಯದು, ಆದರೂ ಏನಾಯಿತೆಂದು ಆಕೆಗೆ ಗೊತ್ತಾಗಿತ್ತು.

ಲಿಯೋನಿನಲ್ಲಿ ಇನ್ನೂ ಮಧ್ಯಾಹ್ನ, ಕ್ಲಿನಿಕ್ ತೆರೆದಿರುವ ಹೊತ್ತು. ಬಿಂದು ಫೋನ್ ತೆಗೆದುಕೊಂಡಳು. ಆಗಷ್ಟೇ ಮಂಡಿಯಿಂದ ಬಂದ ರುದ್ರಮುನಿ ಸಂಗತಿ ಕೇಳಿ ಗಾಬರಿಯಾದ.

"ಸಿದ್ಧಲಿಂಗೇಶಗ ಹೇಳು, ಅವ್ನ ಮಾತಾಡ್ಲಿ. ಇಲ್ಲಾ ನಾ ಇಂಗ್ಲಿಷಿನ್ಯಾಗ ಕೇಳ್ಲೇನು?"

"ಬ್ಯಾಡಣ್ಣ."

"ಇಲ್ಲೇ ಬೇಕಾದಷ್ಟು ಡಾಕ್ಟರ್ ಇರುಕ್ಕಾಂಗ ಪಾ, ಅವ್ರನ್ನ ಯಾಕ?"

"ಇಲ್ಲೂ ತೋರಿಸ್ತೀನಿ. ಅವರು ನನಗ ಹೇಳಿದ್ದು ಏನು, ಮೊದಲು ನನಗ ತಿಳೀಬೇಕು."

ನಂಬರ್ ಒತ್ತಿದಳು. ಶ್ರೀಯಾ ಕಣ್ಣೊರೆಸಿಕೊಂಡು, ರೂಢಿಯಂತೆ ಫೋನಿಗೆ ಕೈ ಚಾಚಿತು. ಬಿಂದು ಆ ಕೈಯನ್ನು ಹಿಡಿದು ಅಜ್ಜಿಯ ಕೈಗೆ ಕೊಟ್ಟಳು. ಸುವರ್ಣಮ್ಮ ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

ಎದುರಿಗೆ ಮುಖವಿಲ್ಲದೆ ಬರೀ ದನಿಯ ಜೊತೆ ಮಾತಾಡುವುದು ಎಲ್ಲಕ್ಕಿಂತ ಕಷ್ಟ. ಸ್ವಲ್ಪ ಹೊತ್ತು ಸಂಗೀತ ಬಂತು. ಆಮೇಲೆ ಒಬ್ಬಾಕೆ ಗಡಗಡ ಮಾತಾಡಿದಳು. ಬಿಂದು, ನಿಧಾನವಾಗಿ ಹೇಳಿ, ದಯವಿಟ್ಟು, ಎಂದಳು. ಹೆಸರು ಹೇಳಿದಳು. ಗುಳಿಗೆ ಮುಗಿದಿವೆ, ರಕ್ತ ನಿಂತಿಲ್ಲ, ಡಾಕ್ಟರ ಹತ್ತಿರ ಮಾತಾಡಬೇಕು ಎಂದಳು. ಒಂದು ಕಡೆ ತಪ್ಪಿತು, ತಪ್ಪಿದ್ದು ತನಗೇ ತಿಳಿಯಿತು, ನಿಲ್ಲಿಸದೆ ಮುಂದೆ ಹೋದಳು. ಫೋನಿನಲ್ಲಿ ಡಾಕ್ಟರ ದನಿ ಬಂತು. ಅವರು ಮೊದಲು ಕೇಳಿದ್ದು, ನಿಮ್ಮ ಮಗಳು ಹತ್ತಿರ ಇದ್ದಾಳೆಯೇ ಎಂದು.

ಇಲ್ಲ, ಎಂದಳು ಬಿಂದು. ನನಗೇ ಹೇಳಿ.

ಅವರು ಹೇಳಿದರು. ಬಿಂದು ಎರಡು ಕಡೆ ತಡೆದು, ಮತ್ತೊಮ್ಮೆ ಹೇಳಿಸಿಕೊಂಡಳು. ಮಗು ಹೇಳಿದಾಗ ತಿಳಿಯದೆ ಹೋದ ಆ ಒಂದು ಶಬ್ದವನ್ನೂ ಕೇಳಿ ತಿಳಿದುಕೊಂಡಳು, ಗರ್ಭಕೋಶದ ಒಳಪೊರೆ ಎಂದು ಅದರ ಅರ್ಥ. ಸ್ಕ್ಯಾನನ್ನು ಚೆನ್ನೈಯಲ್ಲಿಯೇ ಮಾಡಿಸಿ, ಲಿಯೋನಿಗೆ ಬರುವವರೆಗೆ ಕಾಯಬೇಡಿ ಎಂದರು ಅವರು. ಕೆಟ್ಟದ್ದು ಇರಲೇಬೇಕೆಂದಿಲ್ಲ, ಆದರೆ ನೋಡಲೇಬೇಕು ಎಂದರು.

ಫೋನ್ ಕೆಳಗಿಟ್ಟಾಗ ರವಿಕೆ ಬೆವರಿನಿಂದ ಬೆನ್ನಿಗೆ ಅಂಟಿತ್ತು. ರುದ್ರಮುನಿ ಇನ್ನೂ ಅಲ್ಲೇ ನಿಂತಿದ್ದ.

"ನಾಳೆ ಮಂಡಿಗೆ ತಡ ಮಾಡಿ ಹೋಗಣ್ಣ," ಅಂದಳು ಬಿಂದು. "ಸ್ಕ್ಯಾನ್ ಮಾಡಿಸ್ಬೇಕು. ಶ್ರೀಯಾ ಮನೇಲಿ ಅತ್ತಿಗೆ ಹತ್ರ ಇರ್ಲಿ. ಅವ್ವ ಬರ್ತಾಳ ನನ್ನ ಜೊತಿ."